ಕೆರೆಗೆ ಹಾರವೂ ಸ್ಕಾದರಿನ ಕೋಟೆಯೂ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವೂಕ್ ಕರಾಜಿಚ್ ಎಂಬ ಸೆರ್ಬಿಯದ ವಿದ್ವಾಂಸನು ಜನರ ಬಾಯಿಂದ ಬರೆದುಕೊಂಡ ಲಾವಣಿಯೊಂದು ಇಂದಿಗೂ ಬಾಳಿದೆ. ಸ್ಕಾದರಿನಲ್ಲಿ ಮೂವರು ಸಹೋದರರು ಹಗಲು ಕಟ್ಟಿಸಿದ ಕೋಟೆ ಇರುಳು ಕುಸಿಯುತ್ತದೆ. ಮರುದಿನ ಬುತ್ತಿ ತರುವ ಸೊಸೆಯನ್ನು ಗೋಡೆಯೊಳಗಿಟ್ಟರೆ ನಿಂತೀತೆಂದು ವನದೇವತೆಯ ನುಡಿ. ಹಿರಿಯರಿಬ್ಬರು ಹೆಂಡಿರಿಗೆ ಗುಟ್ಟು ತಿಳಿಸಿಬಿಡುತ್ತಾರೆ. ಕಿರಿಯವನು ಮಾತಿಗೆ ತಪ್ಪನು, ಅವನ ಹೆಂಡತಿಯೇ ಬಲಿಯಾಗುತ್ತಾಳೆ. ಯಾಕೋಬ್ ಗ್ರಿಮ್ಮನು ಇದನ್ನು ಜರ್ಮನ್ ಭಾಷೆಗೆ ತಂದನು. ಗ್ರೀಸಿನ ಆರ್ತಾ ಸೇತುವೆಯ ಹಾಡೂ ರುಮೇನಿಯದ ಮಾನೋಲೆ ಶಿಲ್ಪಿಯ ಹಾಡೂ ಇದರ ಒಡಹುಟ್ಟುಗಳೇ.

ಕನ್ನಡದ ‘ಕೆರೆಗೆ ಹಾರ’ವನ್ನು ಬಲ್ಲವರಿಗೆ ಇದು ಹೊಸದೆನಿಸದು. ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದು. ಕಿರಿಸೊಸೆ ಭಾಗೀರಥಿಯನ್ನು ಹಾರವಾಗಿ ಕೊಡಬೇಕು. ಸಾಸಲಿನ ಸೀಮೆಯಂತೆ ಕೆರೆಗಳನ್ನೇ ನಂಬಿ ಬೆಳೆದ ನಾಡಿನವರಿಗೆ ಬತ್ತಿದ ಕೆರೆಯ ಭಯವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಭೇದವೊಂದುಂಟು. ಸ್ಕಾದರಿನ ಸೊಸೆ ಮೊದಲು ಅದನ್ನು ಪರಿಹಾಸ್ಯವೆಂದು ಬಗೆದು ನಗುತ್ತಾಳೆ. ಗೋಡೆ ಮೇಲೇರಿದಂತೆ ಗೋಳಿಡುತ್ತಾಳೆ. ಕೊನೆಗೆ ಕೂಸಿಗೆ ಹಾಲೂಡಲು ಎದೆಯ ಮಟ್ಟಕ್ಕೆ ಕಿಂಡಿ ಬೇಡುತ್ತಾಳೆ. ಭಾಗೀರಥಿಗೆ ಎಲ್ಲವೂ ಮೊದಲೇ ಗೊತ್ತು. ತವರಿಗೆ ಹೋದರೂ ಹೆತ್ತವರೊಡನೆ ಬಾಯಿಬಿಡಳು. ಗೆಳತಿಯೊಬ್ಬಳಿಗೆ ಹೇಳಿ ಹಿಂತಿರುಗುತ್ತಾಳೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಅವಳೊಡನೆ ಏರುತ್ತದೆ.

ಇದನ್ನು ತ್ಯಾಗದ ಸ್ತುತಿಯೆಂದು ಕೊಂಡಾಡುವವರಿದ್ದಾರೆ. ನನಗೆ ಹಾಗೆ ತೋರದು. ಮಾವನನ್ನು ಹಾಡು ಬಾಯಿಬಿಟ್ಟು ಹಳಿಯುವುದಿಲ್ಲ, ನಿಜ. ಸೊಸೆಯಂದಿರು ಅತ್ತೆಮಾವಂದಿರ ಮನೆಯಲ್ಲೇ ಹಾಡಬೇಕಾದ ಹಾಡಲ್ಲವೆ! ಆದರೆ ದಂಡಿನಿಂದ ಬಂದ ಗಂಡ ಮಾದೇವರಾಯನು ಮನೆಯಲ್ಲಿ ಅವಳನ್ನು ಹುಡುಕಿ, ತುಂಬಿದ ಆ ಕೆರೆಗೇ ಹಾರಿಕೊಳ್ಳುತ್ತಾನೆ.