ದೋಷ ವರದಿಗೆ ಯಾವ ಭಾಷೆ?

ಮೆನು ಕನ್ನಡದಲ್ಲಿರಲಿ, ಬಟನ್ ಕನ್ನಡದಲ್ಲಿರಲಿ ಅಂದ್ರೆ ಯಾರದ್ದೂ ತಕರಾರಿಲ್ಲ. ಆದ್ರೆ ಪ್ರೋಗ್ರಾಂ ದಬಕ್ಕನೆ ಬಿದ್ದಾಗ ಬರೋ ವರದಿ? ಅದನ್ನೂ ಅನುವಾದಿಸಬೇಕಾ? ಇಲ್ಲಿ ಜಗಳ ಶುರು :-)

ಹಿಂದಿನವರು ಇದನ್ನ ನಂಬರಿನಿಂದ ಬಗೆಹರಿಸಿದ್ರು. ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಪ್ರತಿ ಸಂದೇಶಕ್ಕೂ ಒಂದು ಗುರುತಿನ ಸಂಖ್ಯೆ. ಒರಾಕಲ್‌ನವರದ್ದೂ ಅದೇ ದಾರಿ. ಓಆರ್‌ಎ-00942 ಅಂದ್ರೆ ಟೇಬಲ್ ಇಲ್ಲ ಅಂತ, ಮುಂದಿನ ವಾಕ್ಯ ಜಪಾನೀಸಿನಲ್ಲಿದ್ರೂ ಸರಿ. ಯುನಿಕ್ಸ್‌ನ 'ಕ್ಯಾಟ್‌ಗೆಟ್ಸ್' ಕೂಡ ಸಂಖ್ಯೆಯನ್ನೇ ನಂಬಿತ್ತು. ಆದ್ರೆ ಪ್ರೋಗ್ರಾಮರುಗಳಿಗೆ ನಂಬರು ಹಂಚೋ ಕೆಲಸ ಅಂದ್ರೆ ಬೇಜಾರು.

1995ರಲ್ಲಿ ಗ್ನೂ ಗೆಟ್‌ಟೆಕ್ಸ್ಟ್ ಬಂತು. ಇದರಲ್ಲಿ ಇಂಗ್ಲಿಷ್ ವಾಕ್ಯವೇ ಕೀಲಿಕೈ. ಪಿಒ ಫೈಲಿನಲ್ಲಿ ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ, ಅಷ್ಟೇ. ಕನ್ನಡದ ಗ್ನೋಮ್, ಕೆಡಿಇ ಎಲ್ಲ ಈ ಹಾದಿಯಲ್ಲೇ ಬಂದದ್ದು. ಅನುವಾದಕರಿಗೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಆದ್ರೆ ನಂಬರು ಹೋಯ್ತು ನೋಡಿ! 'ಅಂಥ ಕಡತ ಇಲ್ಲ' ಅಂತ ಪರದೆ ಮೇಲೆ ಬಂದ್ರೆ, ಅದರ ಮೂಲ ಯಾವ ಸಾಲು ಅಂತ ಪ್ರಾಗ್‌ನಲ್ಲಿ ಕೂತ ಡೆವಲಪರ್‌ಗೆ ಹೇಗೆ ಗೊತ್ತಾಗಬೇಕು? "ಎಲ್‌ಸಿ ಆಲ್‌ಗೆ ಸಿ ಅಂತ ಕೊಟ್ಟು ಇನ್ನೊಮ್ಮೆ ಓಡಿಸಿ" ಅಂತಾರೆ. ಇನ್ನೊಮ್ಮೆ ಓಡಿಸಿದಾಗ ಅದೇ ತಪ್ಪು ಮತ್ತೆ ಬಂದರೆ ತಾನೆ..

ನಮ್ಮ ಮಂಚೇನಹಳ್ಳಿ ಕಡೆ ಈ ಸಮಸ್ಯೆಗೆ ನೂರು ವರ್ಷ ಹಳೆಯ ಒಂದು ಉತ್ತರ ಇದೆ. 2007ರವರೆಗೆ ನಮ್ಮದು ಕೋಲಾರ ಜಿಲ್ಲೆ. ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನ 'ಎಪಿಗ್ರಾಫಿಯಾ ಕರ್ನಾಟಿಕಾ'ದ 10ನೇ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದ. ಗೌರಿಬಿದನೂರು ತಾಲ್ಲೂಕಿನ ಕಲ್ಲುಗಳೂ ಅದರಲ್ಲಿವೆ. ಅವನು ಮೂಲ ಪಾಠವನ್ನ ಬೇರೆ ಕೊಟ್ಟ, ರೋಮನ್ ಲಿಪಿಯದ್ದು ಬೇರೆ, ಇಂಗ್ಲಿಷ್ ಅನುವಾದ ಬೇರೆ. ಮೂರನ್ನೂ ಕಟ್ಟಿಹಾಕಿದ್ದು ತಾಲ್ಲೂಕಿನ ಹೆಸರು ಮತ್ತು ಶಾಸನದ ಸಂಖ್ಯೆ. ಅನುವಾದ ತಪ್ಪು ಅನಿಸಿದ್ರೆ ಇವತ್ತಿಗೂ ಪುಟ ತಿರುಗಿಸಿ ಮೂಲ ನೋಡಬಹುದು. ಗೆಟ್‌ಟೆಕ್ಸ್ಟ್ ಕಳಕೊಂಡದ್ದು ಇದನ್ನೇ.

ಹಾಗಂತ ಪೂರ್ತಿ ಇಂಗ್ಲಿಷಿನಲ್ಲೇ ಬಿಟ್ಟುಬಿಡೋಣ್ವಾ? ಬೇಡ. ನವೆಂಬರ್ 2009ರಲ್ಲಿ ಫೆಡೋರಾ 12ರ ಜೊತೆ ಎಬಿಆರ್‌ಟಿ ಅನ್ನೋ ದೋಷ ವರದಿ ಸಾಧನ ಬಂತು. ಅದು ಕಳಿಸೋ ಬ್ಯಾಕ್‌ಟ್ರೇಸ್‌ನಲ್ಲಿ ಫಂಕ್ಷನ್‌ಗಳ ಹೆಸರಿನ ಜೊತೆ ಅವುಗಳೊಳಗಿನ ಮೌಲ್ಯಗಳೂ ಇರ್ತವೆ. ಕೆಲವೊಮ್ಮೆ ಪಾಸ್‌ವರ್ಡ್ ಕೂಡ! ಅದು ಹೋಗಿ ಸೇರೋದು ಬಗ್‌ಜಿಲ್ಲಾಗೆ, ಸಾಮಾನ್ಯವಾಗಿ ಯಾರು ಬೇಕಾದ್ರೂ ಓದಬಹುದು. ಅದಕ್ಕೇ ಕಳಿಸೋ ಮುಂಚೆ 'ಗುಟ್ಟಿನ ಮಾಹಿತಿ ಇದೆಯಾ ನೋಡಿಕೊಳ್ಳಿ' ಅನ್ನೋ ಎಚ್ಚರಿಕೆ. ಮನೇಲಿ ತೆಲುಗು, ಶಾಲೇಲಿ ಕನ್ನಡ ಕಲಿತ ನಮ್ಮೂರ ಹುಡುಗಿಗೆ ಆ ಎಚ್ಚರಿಕೆ ಇಂಗ್ಲಿಷಿನಲ್ಲಿ ಬಂದ್ರೆ ಅವಳು ಓದದೇ 'ಓಕೆ' ಒತ್ತುತ್ತಾಳೆ. ಅದನ್ನ ಒಪ್ಪಿಗೆ ಅಂತ ಕರೆಯೋಕಾಗಲ್ಲ.

ಬ್ಯಾಕ್‌ಟ್ರೇಸ್ ಡೆವಲಪರ್‌ಗೆ ಬರೆದ ಕಾಗದ, ಅದನ್ನ ಮುಟ್ಟೋದು ಬೇಡ. ಕಳಿಸಲಾ ಬೇಡವಾ ಅನ್ನೋ ಪ್ರಶ್ನೆ ಅವಳಿಗೆ ಕೇಳಿದ್ದು, ಅದು ಕನ್ನಡದಲ್ಲೇ ಇರಬೇಕು. ಮಧ್ಯೆ ಸಿಕ್ಕಿಕೊಳ್ಳೋದು 'ಅಂಥ ಕಡತ ಇಲ್ಲ' ತರದ ಸಾಲುಗಳು, ಇಬ್ಬರಿಗೂ ಬೇಕು. ಅಲ್ಲಿ ರೈಸ್ ಮಾಡಿದ ಹಾಗೆ ಎರಡನ್ನೂ ಇಡಬಹುದು: ಪರದೆಗೆ ಕನ್ನಡ, ವರದಿಯೊಳಗೆ ಮೂಲ ಇಂಗ್ಲಿಷ್. ಮೂಲ ಸಾಲು ಪ್ರೋಗ್ರಾಮಿನಲ್ಲಿ ಹೇಗೂ ಇದ್ದೇ ಇದೆ, ಎಸೆಯದೇ ಜೊತೆಗೆ ಕಳಿಸಿದ್ರೆ ಆಯ್ತು. ಅನುವಾದ ಮಾಡ್ತಿರೋ ಗೆಳೆಯರು ಏನಂತೀರಿ?