ಹಾಸಿನ ಗೆರೆ, ಎದೆಯ ಪಟ್ಟಿ: ಹಳೆಯ ಛಾಯಾಚಿತ್ರಗಳಲ್ಲಿ ಜರ್ಮನ್ ಪದಕಗಳೂ ಮೈಸೂರಿನ ಸವಾರರೂ

ಸೈನಿಕ ಪದಕವನ್ನು ಎದೆಗೆ ತೂಗಿಸುವ ರಿಬ್ಬನ್ ನೇಯ್ಗೆಯವರ ಕಣ್ಣಿಗೆ ಒಂದೂಕಾಲು ಅಂಗುಲದ ಆಸುಪಾಸಿನ ಅಗಲವುಳ್ಳ ರೇಷ್ಮೆ ಪಟ್ಟಿಯಷ್ಟೆ, ಮತ್ತು ಅದರ ಅರ್ಥವೆಲ್ಲ ಅಡಗಿರುವುದು ಹಾಸಿನಲ್ಲಿ. ಮಗ್ಗದ ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿಯೊಡನೆ ಅಡ್ಡ ಹಾಯುವ ನೂಲು ಹೊಕ್ಕು. ರಿಬ್ಬನ್ನಿನಲ್ಲಿ ಹಾಸಿನ ಎಳೆಗಳು ಒತ್ತಾಗಿ ಕೂತು ಹೊಕ್ಕನ್ನು ಮುಚ್ಚಿಬಿಡುವುದರಿಂದ ಯಾವ ಬಣ್ಣದ ಎಳೆ ಎಷ್ಟು, ಯಾವುದರ ಪಕ್ಕಕ್ಕೆ ಯಾವುದು ಎಂಬ ಲೆಕ್ಕವೇ ಪಟ್ಟಿಯ ಗೆರೆಗಳಾಗಿ ಮೇಲೆ ಕಾಣುತ್ತದೆ. ಮೊಳಕಾಲ್ಮುರು ಪಟ್ಟಣದಲ್ಲೂ ಕೊಂಡ್ಲಹಳ್ಳಿಯಂಥ ಊರುಗಳಲ್ಲೂ ಒಡಲಿಗೊಂದು, ಎರಡು ಅಂಚುಗಳಿಗೆ ಎರಡು ಎಂದು ಮೂರು ಲಾಳಿ ಹಾಯಿಸಿ ರೇಷ್ಮೆ ಸೀರೆ ನೇಯುವವರಿಗೆ ಇದು ಹೊಸ ವಿದ್ಯೆಯಲ್ಲ. ಬಣ್ಣ ಮಾಸಿದ ಸೀರೆಯ ಅಂಚನ್ನು ಅವರು ಗುರುತಿಸುವುದು ಗೆರೆಗಳ ಅಗಲದಿಂದ, ಅವು ಕೂತ ಕ್ರಮದಿಂದ. ದೇವಸಮುದ್ರ ಹೋಬಳಿಯೂ ಸೇರಿದಂತೆ ಮೊಳಕಾಲ್ಮುರು ಮತ್ತು ಚಳ್ಳಕೆರೆ ಸೀಮೆಯ ಈ ನೇಯ್ಗೆಗಣ್ಣು, ನೂರು ವರ್ಷ ಹಿಂದಿನ ಕಪ್ಪು ಬಿಳುಪು ಛಾಯಾಚಿತ್ರದಲ್ಲಿ ಸೈನಿಕನ ಎದೆಯ ಪಟ್ಟಿಯನ್ನು ಓದುವವರಿಗೆ ಬೇಕಾದ ಮೊದಲ ಸಲಕರಣೆ.

ಶೌರ್ಯಕ್ಕೆ ಕೊಡುವ ಗುರುತನ್ನು ಮೈಮೇಲೆ ಧರಿಸುವುದು ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಗಂಡಪೆಂಡೇರ ಕಾಲಿಗೆ, ಪಟ್ಟ ಹಣೆಗೆ. ಆದರೂ ಶಾಸನಗಳ ಕಾಲದಲ್ಲಿ ಹೆಚ್ಚು ತೂಕವಿದ್ದುದು ನೆಲಕ್ಕೆ: ಯುದ್ಧದಲ್ಲಿ ಸತ್ತವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು, ಅವನ ನೆನಪಿಗೆ ವೀರಗಲ್ಲು ನಿಲ್ಲುತ್ತಿತ್ತು. ಸಾವಿರಾರು ಜನರಿಗೆ ಒಂದೇ ಅಚ್ಚಿನ ಲೋಹದ ಬಿಲ್ಲೆ, ಒಂದೇ ನೇಯ್ಗೆಯ ಪಟ್ಟಿ ಹಂಚುವ ಪದ್ಧತಿ ಯುರೋಪಿನ ದೊಡ್ಡ ಸೇನೆಗಳ ಜೊತೆಗೆ ಬೆಳೆದದ್ದು, ಮತ್ತು ಅದರ ಅತ್ಯಂತ ಪ್ರಸಿದ್ಧ ಉದಾಹರಣೆ ಜರ್ಮನ್ ನಾಡಿನದು.

ಪ್ರಷ್ಯಾದ ಅರಸ ಮೂರನೆಯ ಫ್ರೆಡರಿಕ್ ವಿಲಿಯಂ ನೆಪೋಲಿಯನ್ನನ ವಿರುದ್ಧದ ಯುದ್ಧಕ್ಕಾಗಿ 1813ರ ಮಾರ್ಚ್‌ನಲ್ಲಿ ಐರನ್ ಕ್ರಾಸ್, ಅಂದರೆ ಕಬ್ಬಿಣದ ಶಿಲುಬೆಯನ್ನು ಸ್ಥಾಪಿಸಿದನು. ವಾಸ್ತುಶಿಲ್ಪಿ ಶಿಂಕೆಲ್ ರೂಪ ಕೊಟ್ಟ ಅದರ ನಡುವೆ ಎರಕದ ಕಬ್ಬಿಣ, ಸುತ್ತ ಬೆಳ್ಳಿಯ ಚೌಕಟ್ಟು. ಬಡ ರಾಜ್ಯವೊಂದು ಚಿನ್ನದ ಬದಲು ಕಬ್ಬಿಣವನ್ನೇ ಹೆಮ್ಮೆಯ ಲೋಹವಾಗಿಸಿಕೊಂಡ ಜಾಣತನ ಅದರಲ್ಲಿದೆ. ಅದೇ ಶಿಲುಬೆಯನ್ನು 1870ರಲ್ಲಿ, 1914ರಲ್ಲಿ ಮತ್ತು 1939ರಲ್ಲಿ ಮತ್ತೆ ಮತ್ತೆ ಜಾರಿಗೆ ತರಲಾಯಿತು, ಪ್ರತಿ ಸಲವೂ ಕೆಳತೋಳಿನ ಮೇಲೆ ಆ ವರ್ಷದ ಅಂಕಿ ಮೂಡಿತು. 1914ರ ಶಿಲುಬೆಯ ನಡುವೆ ಕೈಸರ್ ವಿಲ್ಹೆಲ್ಮನ ಹೆಸರಿನ ಮೊದಲಕ್ಷರ, ಮೇಲ್ತೋಳಿನಲ್ಲಿ ಕಿರೀಟ. 1939ರದರ ನಡುವೆ ನಾಜಿ ಸ್ವಸ್ತಿಕ. ಮೊದಲ ದರ್ಜೆಯ ಶಿಲುಬೆಗೆ ರಿಬ್ಬನ್ ಇಲ್ಲ, ಅದನ್ನು ಎಡ ಎದೆಗೆ ನೇರವಾಗಿ ಪಿನ್ನು ಹಾಕಿ ತೊಡುತ್ತಿದ್ದರು. ಎರಡನೆಯ ದರ್ಜೆಯದು ಕರಿ ಪಟ್ಟಿಯ ಮೇಲೆ ಅಂಚಿಗೆ ಹತ್ತಿರ ಎರಡು ಬಿಳಿ ಗೆರೆಗಳ ರಿಬ್ಬನ್ನಿನಲ್ಲಿ ತೂಗುತ್ತಿತ್ತು. ಚಳ್ಳಕೆರೆಯ ಕರಿಕಂಬಳಿಗೆ ಬಿಳಿ ಉಣ್ಣೆಯ ಗೆರೆ ಬಿದ್ದಂತೆ ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ರಣರಂಗದಲ್ಲಿ ನೇರವಾಗಿ ಹೋರಾಡದವರಿಗೆ ಅದೇ ಲೆಕ್ಕ ತಿರುಗುಮುರುಗಾಗಿ, ಬಿಳಿಯ ಮೇಲೆ ಕರಿ ಗೆರೆ.

ಮೊದಲ ಮಹಾಯುದ್ಧದಲ್ಲಿ ಎರಡನೆಯ ದರ್ಜೆಯ ಶಿಲುಬೆ ಸುಮಾರು 50 ಲಕ್ಷ ಮಂದಿಗೆ ಸಂದಿತೆಂದು ಅಂದಾಜಿಸಲಾಗಿದೆ. ಆದರೆ ಹಳೆಯ ಛಾಯಾಚಿತ್ರಗಳಲ್ಲಿ ಶಿಲುಬೆಯೇ ಕಾಣುವುದು ವಿರಳ. ಅದನ್ನು ಕೊಟ್ಟ ದಿನ ಮತ್ತು ಮೆರವಣಿಗೆಗಳ ದಿನ ಬಿಟ್ಟರೆ, ಸೈನಿಕರು ಅಂಗಿಯ ಎರಡನೆಯ ಗುಂಡಿಯ ಕಾಜಾಕ್ಕೆ ರಿಬ್ಬನ್ನಿನ ತುಂಡನ್ನು ಮಾತ್ರ ಓರೆಯಾಗಿ ಸಿಕ್ಕಿಸಿಕೊಳ್ಳುತ್ತಿದ್ದರು. ಹೀಗೆ ಓದುಗನ ಮುಂದೆ ಉಳಿಯುವುದು ಗೋಧಿಕಾಳಿನಷ್ಟು ಜಾಗದಲ್ಲಿ ಮೂಡಿದ ಎರಡು ಮೂರು ಗೆರೆ. ಮೇಲಾಗಿ ಅಂದಿನ ಜರ್ಮನ್ ಸಾಮ್ರಾಜ್ಯ ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿ, ವ್ಯೂರ್ಟೆಂಬರ್ಗ್ ಎಂಬ ನಾಲ್ಕು ಅರಸೊತ್ತಿಗೆಗಳೂ ಹಲವು ಸಣ್ಣ ಸಂಸ್ಥಾನಗಳೂ ಹ್ಯಾಂಬರ್ಗಿನಂಥ ಸ್ವತಂತ್ರ ನಗರಗಳೂ ಕೂಡಿದ ಒಕ್ಕೂಟವಾಗಿದ್ದು, ಒಂದೊಂದೂ ತನ್ನದೇ ಪದಕ, ತನ್ನದೇ ಬಣ್ಣ ಇಟ್ಟುಕೊಂಡಿತ್ತು. ಆದ್ದರಿಂದ ಪಟ್ಟಿ ಗುರುತಾದರೆ ಧರಿಸಿದವನ ಸೀಮೆಯೂ ಗುರುತಾಗುವ ಅನುಕೂಲವುಂಟು. ಸಾಲಾಗಿ ತೊಟ್ಟ ಪದಕಗಳಲ್ಲಿ ಧರಿಸಿದವನ ಬಲಬದಿಗೆ, ಅಂದರೆ ನೋಡುವವರ ಎಡಕ್ಕೆ, ಹಿರಿಯ ಪದಕ ಬರುತ್ತದೆ; ಬಹುತೇಕ ಜರ್ಮನ್ ಸಾಲುಗಳಲ್ಲಿ ಆ ಜಾಗ ಕಬ್ಬಿಣದ ಶಿಲುಬೆಯದು. ರಿಬ್ಬನ್ ತ್ರಿಕೋನವಾಗಿ ಮಡಿಸಿದ್ದರೆ ಆಸ್ಟ್ರಿಯಾದ ಪದ್ಧತಿಯ ನೆನಪಾಗಬೇಕು.

ಇಷ್ಟೆಲ್ಲ ತಿಳಿದವರನ್ನೂ ದಾರಿ ತಪ್ಪಿಸುವುದು ಛಾಯಾಚಿತ್ರದ ರಸಾಯನ. ಆರಂಭದ ಗಾಜಿನ ಫಲಕಗಳ ಬೆಳ್ಳಿ ಲವಣಕ್ಕೆ ನೀಲಿ ಮತ್ತು ನೇರಳೆ ಬೆಳಕು ಮಾತ್ರ ನಾಟುತ್ತಿತ್ತು. 1873ರಲ್ಲಿ ಬರ್ಲಿನ್ನಿನ ಹರ್ಮನ್ ವಿಲ್ಹೆಲ್ಮ್ ವೋಗೆಲ್ ಎಂಬ ರಸಾಯನಜ್ಞನು ಲವಣಕ್ಕೆ ಬಣ್ಣದ ದ್ರಾವಣ ಬೆರೆಸಿ ಅದು ಹಸಿರನ್ನೂ ಕಾಣುವಂತೆ ಮಾಡುವ ಬಗೆಯನ್ನು ಕಂಡುಹಿಡಿದ ಮೇಲೆ ಆರ್ಥೊಕ್ರೊಮ್ಯಾಟಿಕ್ ಎಂಬ ಬಗೆಯ ಫಲಕಗಳು ಬಳಕೆಗೆ ಬಂದವು, ಆದರೂ ಕೆಂಪಿಗೆ ಅವು ಕುರುಡಾಗಿಯೇ ಉಳಿದವು. ಇದರ ಫಲವಾಗಿ ಆ ಕಾಲದ ಚಿತ್ರಗಳಲ್ಲಿ ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ, ಹಳದಿ ಮಂಕಾಗುತ್ತದೆ. ಕಡುಗೆಂಪು ಒಡಲಿನ ಮದುವೆ ಸೀರೆ ಅಜ್ಜಿಯ ಹಳೆಯ ಪಟದಲ್ಲಿ ಕರಿ ಸೀರೆಯಂತೆ ಕಂಡು ಮೊಮ್ಮಕ್ಕಳನ್ನು ಬೆರಗುಗೊಳಿಸುವುದಕ್ಕೂ ಇದೇ ಕಾರಣ. ಎಲ್ಲ ಬಣ್ಣವನ್ನೂ ಬೂದುಬಣ್ಣದ ಸರಿಯಾದ ಛಾಯೆಗೆ ಇಳಿಸಬಲ್ಲ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳು 1906ರ ಹೊತ್ತಿಗೆ ಮಾರಾಟಕ್ಕೆ ಬಂದರೂ ಸಾಮಾನ್ಯ ಸ್ಟುಡಿಯೋಗಳು ಹಳೆಯ ಫಲಕವನ್ನು ಬಹುಕಾಲ ಕೈಬಿಡಲಿಲ್ಲ. ಕೆಂಪು ದೀಪದ ಬೆಳಕಿನಲ್ಲಿ ನಿಶ್ಚಿಂತೆಯಿಂದ ತೊಳೆಯಬಹುದಾಗಿದ್ದ ಅನುಕೂಲ ಸಣ್ಣದಲ್ಲ.

ಈ ಕುರುಡುತನದಿಂದ ಹುಟ್ಟುವ ಗೊಂದಲಕ್ಕೆ ಒಂದೇ ನಿದರ್ಶನ ಸಾಕು. 1914ರ ಶಿಲುಬೆಯ ಪಟ್ಟಿಯ ನಡುಭಾಗ ಕಪ್ಪು, ಬದಿಗಳಲ್ಲಿ ಬಿಳಿ ಗೆರೆ, ತುದಿಯಲ್ಲಿ ಮತ್ತೆ ಕಪ್ಪು. 1939ರ ಪಟ್ಟಿಯ ನಡುಭಾಗ ಅಗಲವಾದ ಕೆಂಪು, ಬದಿಗಳಲ್ಲಿ ಬಿಳಿ, ತುದಿಯಲ್ಲಿ ಕಪ್ಪು. ತುರ್ಕಿಯ ಆಟೊಮನ್ ಸುಲ್ತಾನ ಐದನೆಯ ಮೆಹ್ಮದ್ 1915ರಲ್ಲಿ ಸ್ಥಾಪಿಸಿದ ಯುದ್ಧಪದಕವೂ ಜರ್ಮನ್ ಸೈನಿಕರಿಗೆ ಧಾರಾಳವಾಗಿ ಸಂದಿತು. ಕೆಂಪು ಮೀನೆಯ ಐದು ಮೂಲೆಯ ನಕ್ಷತ್ರದ ಒಳಗೆ ಅರ್ಧಚಂದ್ರವಿದ್ದುದರಿಂದ ಜರ್ಮನರು ಅದನ್ನು ಕಬ್ಬಿಣದ ಅರ್ಧಚಂದ್ರ ಎಂದೇ ಕರೆದರು. ಅದರ ಪಟ್ಟಿ ಕೆಂಪು, ಬದಿಗಳಲ್ಲಿ ಬಿಳಿ ಗೆರೆ. ಬಣ್ಣದಲ್ಲಿ ಇವು ಮೂರೂ ಬೇರೆ ಬೇರೆ. ಕೆಂಪನ್ನು ಕಾಣದ ಫಲಕದ ಮೇಲೆ ಮೂರೂ ಕರಿ ಪಟ್ಟಿಯ ಮೇಲಿನ ಎರಡು ಬಿಳಿ ಗೆರೆಗಳೇ. ಆಗ ಗತಿಯಾಗುವುದು ಗೆರೆಗಳ ಅಗಲದ ಅನುಪಾತ, ತೀರಾ ತುದಿಯ ಕರಿ ಎಳೆಯ ದಪ್ಪ ಮತ್ತು ರಿಬ್ಬನ್ನಿನ ಆಚೆಗಿನ ಸಾಕ್ಷಿಗಳು: ಕಾಲರಿನ ಪಟ್ಟಿ, ಗುಂಡಿ, ಟೊಪ್ಪಿಗೆ, ಬಲ ಎದೆಯ ಮೇಲೆ ನಾಜಿ ಹದ್ದಿನ ಲಾಂಛನ ಇದೆಯೋ ಇಲ್ಲವೋ ಎಂಬುದು. ಹದ್ದಿದ್ದರೆ ಕಾಲ 1914 ಆಗಲಾರದು. ಇನ್ನೊಂದು ತೊಡಕೂ ಉಂಟು: ಪಶ್ಚಿಮ ಜರ್ಮನಿಯ 1957ರ ಕಾಯಿದೆ ನಾಜಿ ಕಾಲದ ಸೈನಿಕ ಪದಕಗಳನ್ನು ಸ್ವಸ್ತಿಕ ತೆಗೆದು ಧರಿಸಲು ಅನುಮತಿಸಿದ್ದರಿಂದ, 1939ರ ಶಿಲುಬೆಯ ನಡುವೆ ಓಕ್ ಎಲೆಗಳು ಕಂಡರೆ ಆ ಪಟವಾಗಲಿ ಪದಕವಾಗಲಿ 1957ಕ್ಕಿಂತ ಹಳೆಯದಲ್ಲ.

ಕಬ್ಬಿಣದ ಶಿಲುಬೆಯೂ ಅರ್ಧಚಂದ್ರವೂ ಒಂದೇ ಅಂಗಿಯ ಮೇಲೆ ಕಂಡರೆ ಆ ಜರ್ಮನ್ ಸೈನಿಕ ತುರ್ಕಿಯ ರಂಗದಲ್ಲಿ ಇದ್ದವನಾಗಿರುವ ಸಂಭವ ಹೆಚ್ಚು, ಮತ್ತು ಕನ್ನಡ ನಾಡಿನ ಸೈನಿಕ ಜರ್ಮನರಿಗೆ ಎದುರಾದದ್ದೂ ಅದೇ ರಂಗದಲ್ಲಿ. 1889ರಲ್ಲಿ ಆರಂಭವಾದ ಇಂಪೀರಿಯಲ್ ಸರ್ವಿಸ್ ಪಡೆಗಳ ಯೋಜನೆಯ ಮೇರೆಗೆ ದೇಶೀ ಸಂಸ್ಥಾನಗಳು ಬ್ರಿಟಿಷ್ ಸಾಮ್ರಾಜ್ಯದ ಸೇವೆಗೆಂದು ಸಾಕುತ್ತಿದ್ದ ದಳಗಳಲ್ಲಿ ಮೈಸೂರು ಲಾನ್ಸರ್ಸ್ ಎಂಬ ಭರ್ಜಿಯ ರಿಸಾಲೆಯೂ ಒಂದು. 1914ರಲ್ಲಿ ಈಜಿಪ್ಟಿಗೆ ಹೊರಟ ಅದು ಹೈದರಾಬಾದಿನ ಮತ್ತು 1918ರಲ್ಲಿ ಬಂದು ಸೇರಿದ ಜೋಧ್‌ಪುರದ ರಿಸಾಲೆಗಳೊಡನೆ ಒಂದೇ ಬ್ರಿಗೇಡಿನಲ್ಲಿ ಸೂಯೆಜ್, ಸಿನಾಯ್, ಪ್ಯಾಲೆಸ್ಟೈನ್‌ಗಳಲ್ಲಿ ದುಡಿಯಿತು. ಎದುರುಬದಿಯ ಸೇನಾಸಮೂಹದ ದಂಡನಾಯಕ ಲಿಮಾನ್ ಫಾನ್ ಸಾಂಡರ್ಸ್ ಜರ್ಮನನೇ. ಫ್ರೆಡರಿಕ್ ಮಹಾಶಯನು 1740ರಲ್ಲಿ ಸ್ಥಾಪಿಸಿದ ಪೂರ್ ಲ ಮೆರಿಟ್ ಎಂಬ ನೀಲಿ ಮೀನೆಯ ಶಿಲುಬೆಯನ್ನು ಕೊರಳಿಗೆ ಕಟ್ಟಿಕೊಳ್ಳುವ ಅಧಿಕಾರವನ್ನು ಈ ಸಾಂಡರ್ಸ್ ಪಡೆದಿದ್ದನು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರಿನ ಮೇಲೆ ಜೋಧ್‌ಪುರದ ಸವಾರರು ನೇರವಾಗಿ ನುಗ್ಗಿದರೆ ಮೈಸೂರಿನ ಸವಾರರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಮೇಲಿದ್ದ ಆಸ್ಟ್ರಿಯಾದ ಫಿರಂಗಿಗಳತ್ತ ಏರಿತು. ಸಂಜೆಯ ಹೊತ್ತಿಗೆ ಸೆರೆಯಾದ 1,350 ಮಂದಿಯಲ್ಲಿ ಇಬ್ಬರು ಜರ್ಮನ್ ಅಧಿಕಾರಿಗಳೂ 35 ಆಟೊಮನ್ ಅಧಿಕಾರಿಗಳೂ ಇದ್ದರು. ವಶವಾದ ಫಿರಂಗಿಗಳು 17. ದಾಳಿಗಾರರ ಕಡೆ ಸತ್ತವರು 8, ಸತ್ತ ಕುದುರೆಗಳು 60.

ಆ ಸವಾರರ ಎದೆಯ ಮೇಲೆ ಮುಂದೆ ಬಂದ ಪದಕಗಳಿಗೂ ಇದೇ ಓದು ಅನ್ವಯಿಸುತ್ತದೆ. 1914-15ರ ನಕ್ಷತ್ರ, ಬ್ರಿಟಿಷ್ ಯುದ್ಧಪದಕ, ವಿಜಯಪದಕ ಎಂಬ ಮೂರೂ ಯುದ್ಧ ಮುಗಿದ ಮೇಲೆಯೇ ಸ್ಥಾಪನೆಯಾದವು, ಮತ್ತು ಸಾಲಿನಲ್ಲಿ ಅವು ಈ ಕ್ರಮದಲ್ಲೇ ಬರುತ್ತವೆ. ನಕ್ಷತ್ರದ ಪಟ್ಟಿಯಲ್ಲಿ ಕೆಂಪು, ಬಿಳಿ, ನೀಲಿ ಒಂದರೊಳಗೊಂದು ಕರಗಿ ನೀರಲೆಯಂತೆ ಹೊಳೆಯುತ್ತವೆ. ಹಳೆಯ ಫಲಕದಲ್ಲಿ ಒಂದು ಬದಿ ಕಪ್ಪು, ಉಳಿದದ್ದೆಲ್ಲ ಬೆಳ್ಳಗೆ. ಯುದ್ಧಪದಕದ ನಡುವಿನ ಕಿತ್ತಳೆ ಕಪ್ಪಾಗಿ, ಅಂಚಿನ ನೀಲಿ ತಿಳಿಯಾಗಿ ಇಳಿಯುತ್ತವೆ. ಮಳೆಬಿಲ್ಲಿನ ಬಣ್ಣಗಳ ವಿಜಯಪದಕದ ಪಟ್ಟಿಯಲ್ಲಿ ನಡುಗೆಂಪು ಮಾತ್ರ ಕರಿ ಗೆರೆಯಾಗಿ ನಿಂತು, ಅಂಚಿನ ನೇರಳೆ ಬಹುತೇಕ ಕಾಣೆಯಾಗುತ್ತದೆ. ಶೌರ್ಯಕ್ಕೆಂದೇ ಇದ್ದ ಎರಡು ಗುರುತುಗಳ ಕಥೆ ಇನ್ನೂ ಸ್ವಾರಸ್ಯಕರ: ಭಾರತೀಯರಿಗಾಗಿ 1837ರಲ್ಲಿ ಹುಟ್ಟಿದ ಆರ್ಡರ್ ಆಫ್ ಮೆರಿಟ್‌ನ ಪಟ್ಟಿ ಕಡುನೀಲಿ, ಅಂಚುಗಳು ಕೆಂಪು, 1907ರ ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್‌ನದು ಅದನ್ನೇ ಮಗುಚಿದಂತೆ, ಅಂಚು ನೀಲಿ, ನಡುವೆ ಕೆಂಪು. ಎರಡರಲ್ಲೂ ಬಳಕೆಯಾದ ನೂಲು ಒಂದೇ, ಹಾಸಿದ ಕ್ರಮ ಮಾತ್ರ ಬೇರೆ. ಕ್ರಮ ತಪ್ಪಿ ಓದಿದರೆ ದಫೇದಾರನೊಬ್ಬನಿಗೆ ಇಲ್ಲದ ಗೌರವ ಸಂದೀತು, ಇಲ್ಲವೇ ಇದ್ದ ಗೌರವ ಹೋದೀತು.

ಪಟದ ಕಾಲನಿರ್ಣಯದ ತರ್ಕ ಮೊಳಕಾಲ್ಮುರು ತಾಲ್ಲೂಕಿನ ನೆಲಕ್ಕೆ ಪರಿಚಿತವಾದುದೇ. ಪದಕವೊಂದು ಸ್ಥಾಪನೆಯಾದ ವರ್ಷಕ್ಕಿಂತ ಮೊದಲು ಅದು ಯಾರ ಎದೆಯ ಮೇಲೂ ಕಾಣಲಾರದು. ಸಾಲಿನಲ್ಲಿ ಎಲ್ಲಕ್ಕಿಂತ ಕಿರಿಯ ಪದಕದ ಹುಟ್ಟುವರ್ಷವೇ ಛಾಯಾಚಿತ್ರದ ಹಿಂದಿನ ಗಡಿ. ಅದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್, ಕಾಲ ಗೊತ್ತಿದ್ದ ಮಡಕೆಚೂರುಗಳ ಆಧಾರದಿಂದ ಅವು ಸಿಕ್ಕ ಪದರಕ್ಕೆ ಕಾಲ ಕಟ್ಟಿದ್ದೂ ಇದೇ ಬಗೆಯಲ್ಲಿ. ಈ ವೀಲರ್ ಸ್ವತಃ ಫಿರಂಗಿ ದಳದ ಅಧಿಕಾರಿಯಾಗಿದ್ದು, 1918ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಎರಡು ಜರ್ಮನ್ ಫಿರಂಗಿಗಳನ್ನು ವಶಪಡಿಸಿಕೊಂಡದ್ದಕ್ಕಾಗಿ ಮಿಲಿಟರಿ ಕ್ರಾಸ್ ಪಡೆದಿದ್ದರು. ಅದರ ಪಟ್ಟಿ ಬಿಳಿ, ನೇರಳೆ, ಬಿಳಿ. ನೀಲಿಗಣ್ಣಿನ ಹಳೆಯ ಫಲಕದ ಮೇಲೆ ನೇರಳೆಯೂ ತಿಳಿಯಾಗಿ ಬೀಳುವುದರಿಂದ ಶೌರ್ಯದ ಈ ಗುರುತು ಬರಿಯ ಬಿಳಿ ಚಿಂದಿಯಂತೆ ತೋರುವುದುಂಟು.

ಸ್ಟುಡಿಯೋದವರ ಕೈಚಳಕ ಇನ್ನೊಂದು ಅಪಾಯ. ಭಾರತದ ಸ್ಟುಡಿಯೋಗಳಲ್ಲಿ ಪಟಕ್ಕೆ ಕುಂಚದಿಂದ ಬಣ್ಣ ಹಚ್ಚುವ ಕಲೆ ಚೆನ್ನಾಗಿ ಬೆಳೆದಿತ್ತು. ರುಮಾಲಿಗೆ ಕೆಂಪು, ಕುರ್ಚಿಗೆ ಹಸಿರು ತುಂಬಿದ ಕಲಾವಿದ ರಿಬ್ಬನ್ನಿಗೆ ತನಗೆ ಚೆಂದ ಕಂಡದ್ದನ್ನು ಬಳಿದಿದ್ದರೆ ಅಚ್ಚರಿಯಿಲ್ಲ, ಆದ್ದರಿಂದ ಅಂಥ ಪಟಗಳ ಬಣ್ಣವನ್ನು ನಂಬುವುದಕ್ಕಿಂತ ಬಣ್ಣದಡಿಯ ಗೆರೆಯನ್ನು ನಂಬುವುದು ಲೇಸು. ನೆಗೆಟಿವ್ ಮಗುಚಿ ಅಚ್ಚಾದ ಪಟದಲ್ಲಿ ಪದಕಗಳು ಬಲ ಎದೆಗೆ ಬಂದಿರುತ್ತವೆ. ಕೋಟಿನ ಗುಂಡಿಗಳೂ ಅದಲುಬದಲಾಗಿದ್ದರೆ ತಪ್ಪು ಅಚ್ಚಿನದು. ಗುಂಡಿ ಸರಿಯಿದ್ದು ಪದಕ ಮಾತ್ರ ಬಲಕ್ಕಿದ್ದರೆ, ಬ್ರಿಟಿಷ್ ವಾಡಿಕೆಯಂತೆ ತೀರಿಹೋದ ತಂದೆಯ ಪದಕವನ್ನು ಮಗ ತೊಟ್ಟಿರಬಹುದು.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲೊಂದು ಮೈಸೂರಿನ ಸವಾರನದು. ರಿಸಾಲೆಯು ಸ್ವಾತಂತ್ರ್ಯಾನಂತರ 61ನೆಯ ಕ್ಯಾವಲ್ರಿಯಲ್ಲಿ ಲೀನವಾಯಿತು. ಸವಾರರ ಪದಕಗಳಿಗೆ ಜರ್ಮನ್ ಶಿಲುಬೆಗಿಲ್ಲದ ಒಂದು ಗುಣವಿತ್ತು. ಕಬ್ಬಿಣದ ಶಿಲುಬೆಯ ಮೇಲೆ ಸಾಮಾನ್ಯವಾಗಿ ಪಡೆದವನ ಹೆಸರಿರುತ್ತಿರಲಿಲ್ಲ, ಪತ್ರವೂ ಪಟವೂ ಕಳೆದರೆ ಅದು ಯಾರದೂ ಅಲ್ಲ. ಬ್ರಿಟಿಷ್ ಯುದ್ಧಪದಕದ ಮತ್ತು ವಿಜಯಪದಕದ ದಪ್ಪದಂಚಿನ ಸುತ್ತ, ನಕ್ಷತ್ರದ ಹಿಂಬದಿಯಲ್ಲಿ, ಪಡೆದವನ ಸಂಖ್ಯೆ, ಹುದ್ದೆ, ಹೆಸರು, ದಳಗಳನ್ನು ಒತ್ತಿರುತ್ತಿದ್ದರು. ಎದುರಿನಿಂದ ತೆಗೆದ ಛಾಯಾಚಿತ್ರಕ್ಕೆ ಆ ಅಂಚು ಕಾಣುವುದಿಲ್ಲ. ಬೆಳ್ಳಿಯ ಯುದ್ಧಪದಕ ಅಕ್ಕಸಾಲಿಗನ ಮೂಸೆ ಸೇರಿದ್ದರೆ ಅಂಚಿನ ಅಕ್ಷರವೂ ಅದರೊಡನೆ ಕರಗಿರುತ್ತದೆ, ಪಟದಲ್ಲಿ ಉಳಿಯುವುದು ಒಂದು ಬದಿ ಕಪ್ಪಾದ ಪಟ್ಟಿ, ಅದರ ಪಕ್ಕದಲ್ಲಿ ನಡುವೆ ಕಪ್ಪಾದ ಇನ್ನೆರಡು.