ಕೆರೆಯ ನೀತಿಯೂ ದೀಪದ ಭರವಸೆಯೂ

ನಮ್ಮ ನಾಡಿನ ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಜಲಪಾತದಿಂದ ಆರಂಭಿಸುವರು. ನಾವು ಇಂದು ಕೆರೆಯಿಂದ ಆರಂಭಿಸುವೆವು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಕಡಮೆ. ಜಯಮಂಗಲಿಯಂಥ ಹೊಳೆಯೂ ವರ್ಷವೆಲ್ಲ ಹರಿಯತಕ್ಕುದಲ್ಲ. ಆದುದರಿಂದ ಇಲ್ಲಿನ ಹಿಂದಿನವರು ಬಂದ ಮಳೆಯನ್ನು ಕೆರೆಯಲ್ಲಿ ಹಿಡಿದು, ತೂಬಿನಿಂದ ಅಳೆದು ಬಿಟ್ಟು, ಮಿಕ್ಕುದನ್ನು ಕೋಡಿಯ ಮೂಲಕ ಕೆಳಗಿನ ಊರಿನ ಕೆರೆಗೆ ಹರಿಯಗೊಟ್ಟರು. ದೊರೆತಾಗ ಕೂಡಿಡುವುದು, ಬೇಕಾದಾಗ ಬಿಡುವುದು, ಒಂದಕ್ಕೊಂದನ್ನು ಜೋಡಿಸುವುದು: ಇವು ಮೂರೂ ಕೆರೆಯ ನೀತಿ. ವಿದ್ಯುತ್ತಿನ ಭರವಸೆಯೂ ಈ ಮೂರರ ಮೇಲೆಯೇ ನಿಂತಿದೆ.

1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದ ಶಕ್ತಿಯು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಸಾಹಸಕ್ಕೆ ಮುಂದಾದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅದನ್ನು ಕಾಣಲು ಬದುಕಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಆದರೆ ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರವೂ ಸೊರಗುವುದು. ಆಳವಾದ ಗಣಿಯಲ್ಲಿ ನೀರೆತ್ತುವ ಯಂತ್ರ ನಿಂತರೆ ಕೆಳಗಿರುವವರ ಪ್ರಾಣಕ್ಕೇ ಸಂಚಕಾರ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯು ಮಂಡ್ಯದ ಗದ್ದೆಗಳಿಗಾಗಿ ಮಾತ್ರ ಹುಟ್ಟಿತೆಂದು ಬಗೆಯುವವರುಂಟು. ಶಿವನಸಮುದ್ರಕ್ಕೆ ವರ್ಷವೆಲ್ಲ ತಪ್ಪದೆ ನೀರೊದಗಿಸುವುದೂ ಅದರ ಮುಖ್ಯ ಉದ್ದೇಶವಾಗಿದ್ದಿತು. ಮುಂದೆ 1964ರಲ್ಲಿ ಶರಾವತಿಯ ಲಿಂಗನಮಕ್ಕಿಯೂ ಅದೇ ನೀತಿಯನ್ನು ದೊಡ್ಡದಾಗಿ ನಡೆಸಿತು. ಅದಕ್ಕಾಗಿ ಅನೇಕ ಹಳ್ಳಿಗಳು ನೀರಿನಡಿ ಸೇರಿದುವು. ಭರವಸೆಗೆ ಯಾರೋ ಒಬ್ಬರು ಬೆಲೆ ತೆರಬೇಕಾಗುವುದೆಂಬುದನ್ನು ನಾವು ಮರೆಯತಕ್ಕುದಲ್ಲ.

ಇನ್ನು ಜೋಡಿಸುವ ಮಾತು. ವಿದ್ಯುಜ್ಜಾಲದಲ್ಲಿ ಉತ್ಪತ್ತಿಯೂ ಬಳಕೆಯೂ ಕ್ಷಣಕ್ಷಣಕ್ಕೂ ಸಮನಾಗಿರಬೇಕು. ಅದರ ನಾಡಿ ಸೆಕೆಂಡಿಗೆ 50 ಸಲ ಮಿಡಿಯುವುದು. ಹೊರೆ ಹೆಚ್ಚಾದರೆ ಆ ಮಿಡಿತ ಕುಗ್ಗುವುದು, ತೀರ ಕುಗ್ಗಿದರೆ ಯಂತ್ರಗಳು ತಮ್ಮ ರಕ್ಷಣೆಗಾಗಿ ತಾವೇ ಕಳಚಿಕೊಳ್ಳುವುವು. ಒಂದರ ಹೊರೆ ಮತ್ತೊಂದರ ಮೇಲೆ ಬಿದ್ದು, ಮೇಲಿನ ಕೆರೆ ಒಡೆದಾಗ ಕೆಳಗಿನ ಕೆರೆಗಳೂ ಒಡೆಯುವಂತೆ, ಇಡೀ ಜಾಲವೇ ಕುಸಿಯಬಹುದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಇದೇ ನಡೆಯಿತು. ಎರಡನೆಯ ದಿನ ಸುಮಾರು 60 ಕೋಟಿ ಜನರ ನಾಡು ಕತ್ತಲಾಯಿತು. ದಕ್ಷಿಣದ ಜಾಲವು ಆಗ ಒಂದೇ ಮಿಡಿತದಲ್ಲಿ ಉತ್ತರದೊಡನೆ ಕೂಡಿರಲಿಲ್ಲವಾಗಿ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗವು ಎರಡನ್ನೂ ಕೂಡಿಸಿತು. ಅಂದಿನಿಂದ ನೆರವೂ ಒಂದು, ಅಪಾಯವೂ ಒಂದು.

ಈಗ ಪಾವಗಡಕ್ಕೆ ಬರೋಣ. ಬರಗಾಲಕ್ಕೆ ಹೆಸರಾದ ಈ ತಾಲ್ಲೂಕಿನಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರ ಉದ್ಯಾನವೆದ್ದಿತು. 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ವೇಳೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯವನ್ನು ಮುಟ್ಟಿತು. ಇಲ್ಲಿ ರೈತನ ನೆಲವನ್ನು ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿನಂತೆ ಆರಂಭಿಸಿ ಗುತ್ತಿಗೆಗೆ ಪಡೆದರು. ಲಿಂಗನಮಕ್ಕಿಗಿಂತ ಇದು ಮೇಲಾದ ಕ್ರಮವೇ ಸರಿ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡಿ ಬಾಳುತ್ತಿದ್ದ ಭೂಹೀನನಿಗೆ ಗುತ್ತಿಗೆಯ ಹಣದಲ್ಲಿ ಪಾಲೆಲ್ಲಿಯದು?

ಬಿಸಿಲು ಮಳೆಯನ್ನು ಕಾಯದು. ಅದೇ ಅದರ ಹೆಚ್ಚಳ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತಗ್ಗಿದುವು, ಅದೇ ಕಾರಣದಿಂದ ಕೊಳವೆಬಾವಿಯ ಪಂಪುಗಳು ಹೆಚ್ಚು ಓಡಿದುವು. ಬರವೊಂದು, ಪೆಟ್ಟು ಎರಡು. ಅಂಥ ವರ್ಷದ ಹಗಲಿಗೆ ಸೂರ್ಯನೇ ಆಸರೆ. ಆದರೆ ಊರಿಗೆ ದೀಪ ಬೇಕಾಗುವುದು ಸೂರ್ಯ ಮುಳುಗಿದ ಮೇಲೆ. ಆಗ ಪಾವಗಡದ ಫಲಕಗಳು ಸುಮ್ಮನಾಗುವುವು. ಶರಾವತಿಯ ನೀರೂ ಕಲ್ಲಿದ್ದಲೂ ಹೊರೆ ಹೊರಬೇಕು.

ಇನ್ನೊಂದು ಮಾತುಂಟು. ಪಾವಗಡದ ಬಿಸಿಲಿನ ಶಕ್ತಿಯು ಹಿರಿಯ ತಂತಿಗಳನ್ನು ಹಿಡಿದು ದೂರ ಹೋಗುವುದು. ಪಕ್ಕದ ಹಳ್ಳಿಯ ದೀಪವಾದರೋ ಕಿರಿಯ ತಂತಿಯೊಂದರ ತುದಿಯಲ್ಲಿ ತೂಗುತ್ತಿರುವುದು. ಗಾಳಿಗೆ ಕೊಂಬೆ ಮುರಿದು ಬಿದ್ದರೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಎರಡು ಸಾವಿರ ಮೆಗಾವ್ಯಾಟ್ ನೆರೆಯಲ್ಲಿದ್ದೂ ಆ ಹಳ್ಳಿ ಕತ್ತಲೆಯೇ. ತುಂಬಿದ ಕೆರೆಯ ಏರಿಯ ಮೇಲಿದ್ದರೂ ಕಾಲುವೆಯಿಲ್ಲದ ಹೊಲ ಒಣಗುವುದಷ್ಟೆ. ರಾತ್ರಿಯ ಸರದಿಯಲ್ಲಿ ಕರೆಂಟು ಬಂದಾಗ ಹಾವುಹುಳುಗಳ ನಡುವೆ ಪಂಪು ಹಾಕಲು ಹೋಗುವ ರೈತನಿಗೆ ಭರವಸೆಯೆಂದರೆ ಮೆಗಾವ್ಯಾಟಿನ ಲೆಕ್ಕವಲ್ಲ, ಹಗಲಿನ ಕೆಲವು ಗಂಟೆಗಳು. 2019ರ ಕುಸುಮ್ ಯೋಜನೆಯು ಪಂಪುಗಳ ಸಮೀಪದಲ್ಲಿಯೇ ಸಣ್ಣ ಸೌರ ಸ್ಥಾವರಗಳನ್ನಿಡುವ ದಾರಿ ತೋರಿದುದು ಈ ಕಾರಣದಿಂದ ಯೋಗ್ಯವಾದುದು.

ಉತ್ಪತ್ತಿಯನ್ನು ಹೆಚ್ಚಿಸುವುದು ಕೀರ್ತಿಯ ಕೆಲಸ. ಕೂಡಿಡುವುದೂ ಕೊನೆಯ ತಂತಿಯನ್ನು ಕಾಪಾಡುವುದೂ ಕೀರ್ತಿ ಬಾರದ ಕೆಲಸ. ಕೆರೆಯನ್ನು ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿದಿದೆ. ಹೂಳೆತ್ತಿ ತೂಬನ್ನು ಕಾಯ್ದವರ ಹೆಸರು ನಮಗೆ ತಿಳಿಯದು. ಆದರೂ ಬೆಳೆ ಉಳಿದುದು ಇವರಿಂದ. ನಗರದಲ್ಲಿ ಗುಂಡಿಯೊತ್ತಿದೊಡನೆ ದೀಪ ಕಾಣುವ ನಾವು, ಮಳೆಗಾಳಿಯಲ್ಲಿ ಕಂಬವನ್ನೇರುವ ಲೈನ್‌ಮನ್ನನನ್ನೂ ಆ ತಂತಿಯ ಕೊನೆಯಲ್ಲಿರುವ ಮನೆಯನ್ನೂ ಒಮ್ಮೆ ನೆನೆಯುವುದು ಯುಕ್ತ.